ಭಾವ ಸೇರಿಸಿದ ಒಂದು ಸಾಲು

ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಎಲ್ಲರೂ ಅವಳನ್ನು ಚಿಕ್ಕಿ ಅಂತಲೇ ಕರೆಯುತ್ತಿದ್ದರು. ಅಕ್ಕನ ಮಕ್ಕಳು ಕರೆಯುವ ಹೆಸರು ಅದು. ಅದನ್ನು ಆಫೀಸಿಗೆ ತಂದು ಹಂಚಿದವನು ವಿಭಾಗದ ಹಿರಿಯನೂ ಆಗಿದ್ದ ಅಕ್ಕನ ಗಂಡ. ಕೆಲಸ ಕೊಡಿಸಿದವನೂ ಕಲಿಸಿದವನೂ ಅವನೇ. ಭಾವ ಹಾಕಿದ ಗೆರೆ ಅವಳು ದಾಟುತ್ತಿರಲಿಲ್ಲ.

ಆ ಮಂಗಳವಾರ ಬೆಳಿಗ್ಗೆ, ಎಂದಿನಂತೆ ಸರ್ವರ್ ಆರಿಸಿ ಹಚ್ಚಿದೊಡನೆ, ರೋಗಿಗಳು ವೈದ್ಯರ ಸಮಯ ಗೊತ್ತುಮಾಡಿಕೊಳ್ಳುವ ವೆಬ್‌ಸೈಟು ಮಲಗಿಬಿಟ್ಟಿತು. ಸರ್ವರ್ ಶುರುಮಾಡಿದರೆ ಎರಡೇ ಸೆಕೆಂಡು, ಗೊಟಕ್. ಪುಟಗಳು ಬೇಗ ತೆರೆಯಲೆಂದು ಇನ್ನೂರನಲವತ್ತು ಸ್ಕ್ರಿಪ್ಟುಗಳನ್ನು, ಅಂದರೆ ಪ್ರೋಗ್ರಾಮಿನ ತುಣುಕುಗಳನ್ನು, ಸರ್ವರ್ ಏಳುವಾಗಲೇ ಮೆಮೊರಿಗೆ ತುಂಬುವ ಏರ್ಪಾಡಿತ್ತು. ಅದನ್ನು ನಿಲ್ಲಿಸಿದಾಗ ಸೈಟು ಎದ್ದಿತು, ಆದರೆ ಆಮೆಯ ನಡಿಗೆ. ಕೆಳಗೆ ಕೌಂಟರಿನಲ್ಲಿ ಜನ ಕೂಗಾಡುತ್ತಿದ್ದರು.

ಚಿಕ್ಕಿ ಬೇರೊಂದು ಮೆಷಿನ್ನಿನಲ್ಲಿ ಆ ಸ್ಕ್ರಿಪ್ಟುಗಳ ಪಟ್ಟಿಯನ್ನು ಎರಡು ಪಾಲು ಮಾಡಿದಳು. ಅರ್ಧ ತೆಗೆದು ನೋಡುವುದು, ಆಗಲೂ ಸರ್ವರ್ ಬಿದ್ದರೆ ಉಳಿದ ಪಾಲನ್ನು ಮತ್ತೆ ಅರ್ಧ ಮಾಡುವುದು. ಭಾವ ಎರಡು ಸಲ ಚಹಾ ತಂದುಕೊಟ್ಟು, "ಸಿಗುತ್ತೆ ಬಿಡೇ, ನಿನ್ನ ಕೈಗೆ ಸಿಗದೇ ಎಲ್ಲಿ ಹೋಗುತ್ತೆ" ಅಂದ. ನಾಲ್ಕು ಗಂಟೆ ತಿಣುಕಿದ ಮೇಲೆ ಒಂದೇ ಒಂದು ಸ್ಕ್ರಿಪ್ಟು ಉಳಿಯಿತು. ಅದು ನೆಚ್ಚಿಕೊಂಡಿದ್ದ ಇನ್ನೊಂದು ಸ್ಕ್ರಿಪ್ಟು ಪಟ್ಟಿಯಲ್ಲೇ ಇರಲಿಲ್ಲ; ಸರ್ವರ್ ಬೀಳುತ್ತಿದ್ದದ್ದು ಅದಕ್ಕೇ.

ಆ ಸಾಲನ್ನು ಪಟ್ಟಿಗೆ ಸೇರಿಸಿದವರು ಯಾರೆಂದು ದಾಖಲೆ ತೆಗೆದಳು. ಸೋಮವಾರ, ಮಧ್ಯಾಹ್ನ ಮೂರೂ ಹತ್ತು. ಅವಳದೇ ಹೆಸರು.

ಮೂರೂ ಹತ್ತಕ್ಕೆ ಅವಳು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಳು. ಒಳಗೆ ಹೋಗುವ ಮುಂಚೆ ಭಾವನ ಫೋನು ಬಂದಿತ್ತು: "ನನ್ನ ಲಾಗಿನ್ ಲಾಕ್ ಆಗಿದೆ ಕಣೇ, ನಿನ್ನ ಪಾಸ್‌ವರ್ಡ್ ಹೇಳು." ಹೇಳಿದ್ದಳು.

ಅಷ್ಟರಲ್ಲಿ ಮ್ಯಾನೇಜರ್ ಕರೆದರು. "ಹೆದರಬೇಡಿ. ಪಟ್ಟಿಗೆ ನೀವು ಏನೋ ಸೇರಿಸಿ ಎಡವಟ್ಟಾಗಿದೆ ಅಂತ ನಿಮ್ಮ ಭಾವ ಬೆಳಿಗ್ಗೆ ಒಂಬತ್ತಕ್ಕೇ ಹೇಳಿದ್ರು. ಹೊಸಬಳು, ಬಿಟ್ಟುಬಿಡಿ ಅಂತ ಕೇಳ್ಕೊಂಡ್ರು."

ಒಂಬತ್ತಕ್ಕೇ! ಹಾಗಾದರೆ ಅವಳು ಹುಡುಕುವುದನ್ನು ಅವನು ಗೊತ್ತಿದ್ದೂ ನೋಡುತ್ತ ಕೂತಿದ್ದ.

ಮೆಟ್ಟಿಲ ಬಳಿ ಅವನನ್ನು ತಡೆದಳು. "ಯಾಕೆ ಭಾವ?"

"ನಿನಗಾದ್ರೆ ನಾಲ್ಕು ಬೈಗುಳ. ನನಗಾದ್ರೆ ಬಡ್ತಿನೇ ಹೋಗುತ್ತೆ. ಯಾವ ಸಾಲು ಅಂತ ನಾನೇ ತೋರಿಸಿದ್ರೆ ಸಿಕ್ಕಿಬೀಳ್ತಿದ್ದೆ," ಅವನು ದನಿ ತಗ್ಗಿಸಿದ. "ಮನೆಯವರಲ್ವೇನೇ ನಾವು?"

ಸಂಜೆ ಅಕ್ಕನಿಗೆ ಫೋನು ಮಾಡಿದಳು. ಹೇಳಿ ಮುಗಿಸುವ ಮೊದಲೇ ಅಕ್ಕ ಅಂದಳು: "ಬೆಳಿಗ್ಗೇನೇ ಇವ್ರು ಹೇಳಿದ್ರು ಕಣೇ. ನೀನು ಸುಧಾರಿಸ್ಕೋತೀಯ ಅಂದ್ಕೊಂಡೆ."

ಭಾವ ತಲೆ ಮೇಲೆ ಗೂಬೆ ಕೂರಿಸಿದ್ದಕ್ಕಿಂತ ಈ ಮಾತು ಹೆಚ್ಚು ಇರಿಯಿತು.

ಪಟ್ಟಿಯನ್ನು ಅಂದೇ ಸರಿಪಡಿಸಿದ್ದಳು. ಮರುದಿನ ವರದಿ ಬರೆದಳು: ಭಾವನಿಗೆ ಪಾಸ್‌ವರ್ಡ್ ಕೊಟ್ಟದ್ದು ತನ್ನ ತಪ್ಪು, ಸಾಲು ಸೇರಿಸಿದ್ದು ತಾನಲ್ಲ. ಜೊತೆಗೆ ಹಲ್ಲಿನ ಡಾಕ್ಟರ ಚೀಟಿ ಇಟ್ಟಳು. ಇಬ್ಬರಿಗೂ ಎಚ್ಚರಿಕೆ ಪತ್ರ ಬಂತು. ಭಾವನ ಬಡ್ತಿ ನಿಂತಿತು. ಅಕ್ಕನ ಫೋನೂ ನಿಂತಿತು.

ಎರಡು ತಿಂಗಳ ಮೇಲೆ, ನಾಲ್ಕು ಮೇಜಿನಾಚೆ ಕೂತಿದ್ದ ಭಾವ ಸರ್ವರ್ ಬಗ್ಗೆ ಒಂದು ಸಂದೇಹ ಕೇಳಿ ಇಮೇಲ್ ಕಳಿಸಿದ. ಮೊದಲ ಸಾಲಲ್ಲಿ 'ಮಾನ್ಯರೇ' ಅಂತಿತ್ತು. ಅವಳು ಅದನ್ನು ಎರಡು ಸಲ ಓದಿಕೊಂಡು, ಉತ್ತರ ಬರೆದು, ಕೆಳಗೆ ತನ್ನ ಪೂರ್ತಿ ಹೆಸರು ಹಾಕಿ ಕಳಿಸಿದಳು.