ಕೊಂಡಪ್ಪನ ಕೈಗುಣಕ್ಕೆ ಬಂದ ಆಪತ್ತು

ಕುಂದಾಣದ ಕೊಂಡಪ್ಪನಿಗೆ ಆಸ್ತಿಯೆಂದರೆ ಕೈಗುಣ. ಅವನು ಕಾವಿಗೆ ಇಟ್ಟ ಮೊಟ್ಟೆ ಮರಿಯಾಗದೆ ಇರುತ್ತಿರಲಿಲ್ಲ. ಯಾರ ಮನೆ ಹೇಂಟೆ ಕಾವಿಗೆ ಬಂದರೂ ಬುಟ್ಟಿಗೆ ಮೊಟ್ಟೆ ಜೋಡಿಸಲು ಅವನೇ ಬೇಕು. ಗುಡುಗಿಗೆ ಕೆಡದಿರಲೆಂದು ಜೊತೆಗೊಂದು ಕಬ್ಬಿಣದ ಮೊಳೆ, ಇದ್ದಿಲ ಚೂರು ಇಡುತ್ತಿದ್ದ.

ತೊಂಬತ್ತಮೂರನೇ ಇಸವಿಯಲ್ಲಿ ಬೆಂಗಳೂರಿನ ಯಾವುದೋ ಸಂಶೋಧನಾಲಯದ ರವಿಶಂಕರ್ ಸ್ಕೂಟರಿನಲ್ಲಿ ಬಂದು ಅವನ ನಾಟಿ ಮೊಟ್ಟೆ ಒಯ್ಯತೊಡಗಿದರು. ಅದರಲ್ಲಿ ಒಂದೂ ಮರಿಯಾಗಲಿಲ್ಲವಂತೆ ಅನ್ನೋ ಸುದ್ದಿ ಊರಿಗೆ ಬಂತು ನೋಡಿ, ಮುಗೀತು ಕಥೆ. ಕೈಗುಣ ಕೆಟ್ಟಿದೆ ಅಂತ ಊರೆಲ್ಲ ಆಡಿಕೊಂಡಿತು. ಅವನನ್ನು ಕರೆಯುವವರೇ ಇಲ್ಲವಾದರು. ಕೊಂಡಪ್ಪನಿಗೆ ಅನ್ನ ಸೇರಲಿಲ್ಲ.

ಮೊಳೆ, ಇದ್ದಿಲು ಜೇಬಿಗಿಳಿಸಿ ಬೆಂಗಳೂರಿನ ಬಸ್ಸು ಹತ್ತಿದ. ಸಂಶೋಧನಾಲಯದಲ್ಲಿ ಕೋಳಿಯೇ ಇಲ್ಲ, ಕರೆಂಟಿನ ಪೆಟ್ಟಿಗೆ ಕಾವು ಕೊಡುತ್ತಿತ್ತು. ಮೊಟ್ಟೆ ನೆತ್ತಿಗೆ ಕಿಟಕಿ ಕೊರೆದು ಟೇಪು ಅಂಟಿಸಿದ್ದರು. ಮೊಟ್ಟೆಗೆ ಕಿಟಕಿ ಇಡಿಸೋಕೆ ಇದೇನು ಮನೆಯಾ ಅಂತ ಬೈದ. ರವಿಶಂಕರ್ ಸೂಕ್ಷ್ಮದರ್ಶಕ ತೋರಿಸಿದರು. ಒಳಗೆ ಸಾಸಿವೆಯಷ್ಟು ಹೃದಯ ಕೆಂಪಗೆ ಮಿಡಿಯುತ್ತಿತ್ತು. ಕೊಂಡಪ್ಪ ಚಪ್ಪಲಿ ಬಿಟ್ಟು ಕೈ ಮುಗಿದ.

ಬೆಳೆಯುವ ಹೃದಯ ತನಗೆ ರಕ್ತ ಬೇಕೆಂದು ಸಂಕೇತ ಕಳಿಸುತ್ತದೆ, ಆ ಕರೆಗೆ ಜೀವಕೋಶಗಳು ಹೊರಗಿನಿಂದ ಬಂದು ಅದರ ಮೇಲೆ ರಕ್ತನಾಳ ಕಟ್ಟುತ್ತವೆ ಅಂತ ರವಿಶಂಕರ್ ಬಿಡಿಸಿ ಹೇಳಿದರು. ಬಂದವರ ಗುರುತು ಸಿಗಲೆಂದು ಗೌಜಲಕ್ಕಿಯ ಕೋಶಗಳನ್ನು ಈ ಮೊಟ್ಟೆಯೊಳಗೆ ಇಟ್ಟಿದ್ದರಂತೆ. ನಡುವೆಯೇ ಒಡೆದು ನೋಡುತ್ತಿದ್ದುದರಿಂದ ಮರಿಯಾಗುವ ಮಾತೇ ಇರಲಿಲ್ಲ.

“ಇದೊಂದನ್ನಾದ್ರೂ ಮರಿಯಾಗೋಕೆ ಬಿಡಿ ಸಾರ್. ಊರಲ್ಲಿ ತಲೆ ಎತ್ಕೊಂಡು ಓಡಾಡಕ್ಕಾಗ್ತಿಲ್ಲ.”

ಅವರು ಒಪ್ಪಿದರು. ಕೊಂಡಪ್ಪ ಪೆಟ್ಟಿಗೆಯೊಳಗೆ ಮೊಳೆ, ಇದ್ದಿಲು ಇಟ್ಟೇ ಊರಿಗೆ ಹೊರಟ. ದಿನ ತುಂಬಿತು, ಮರಿ ಟೇಪು ಹರಿದುಕೊಂಡು ಈಚೆಗೆ ಬಂತು. ಕೊಂಡಪ್ಪ ಮತ್ತೆ ಹೋಗಿ ಅದನ್ನು ಟವೆಲಿನಲ್ಲಿ ಸುತ್ತಿ ಊರಿಗೆ ತಂದು, ನಡೆದದ್ದನ್ನೆಲ್ಲ ಹೇಳಿದ.

ಅಯ್ಯೋ, ಯಾಕಾದರೂ ಹೇಳಿದನೋ! ಹಾಲಿನ ಡೈರಿ ಮುಂದೆ ಪಂಚಾಯ್ತಿ ಸೇರಿತು. ಹೃದಯದ ನಾಳ ಗೌಜಲಕ್ಕಿಯದಾದರೆ ಇದು ಕೋಳಿಯೇ ಅಲ್ಲ, ದೇವರಿಗೂ ಸಲ್ಲುವುದಿಲ್ಲ ಅಂತ ಹಿರಿಯ ಮುನಿರಾಮಯ್ಯ ತೀರ್ಪು ಕೊಟ್ಟರು. ಗೌಜಲಕ್ಕಿಯಾದರೆ ಹಾರಲಿ ನೋಡೋಣ ಅಂತ ಯಾರೋ ಮರಿಯನ್ನು ಡೈರಿ ಜಗಲಿಯಿಂದ ಬಿಟ್ಟರು. ಅದು ಕೆಳಗೆ ಕೊಂಡಪ್ಪ ಒಡ್ಡಿದ ಟವೆಲಿಗೆ ಬಿತ್ತು. ಸರಿಯಾಗಿ ಬಿಡಲಿಲ್ಲ ಅಂತ ಅದಕ್ಕೊಂದು ಜಗಳ.

ಕೊಂಡಪ್ಪನಿಗೆ ಅಳುವೇ ಬಂತು.

“ನಾಳ ಗೌಜಲಕ್ಕೀದೇ ಇರ್ಲಿ ಕಣ್ರಪ್ಪ. ಬನ್ನಿ ಅಂತ ಕರೆದ ಎದೆ ನನ್ ಮೊಟ್ಟೇದು. ಕರೀದಿದ್ರೆ ಅವ್ಯಾಕೆ ಬರ್ತಿದ್ವು?”

ಮುನಿರಾಮಯ್ಯ ಕೆಮ್ಮಿ, ಆ ಕಡೆ ಈ ಕಡೆ ನೋಡಿದರು.

“ನಮ್ಮನೆ ಹೇಂಟೆ ಕಾವಿಗೆ ಬಂದಿದೆ. ನಾಳೆ ಬೆಳಿಗ್ಗೆ ಬಾರಪ್ಪ.”

ಬೆಳಗಾಗುವ ತನಕ ಯಾರು ಕಾಯುತ್ತಾರೆ? ಕೊಂಡಪ್ಪ ಆಗಲೇ ಅವರ ಹಿಂದೆ ಹೊರಟ.