ಮೈಕ್‌ಸೆಟ್ ಮಾರಣ್ಣನ ರಾಗಿ ವಾಡೆ

ಪುರವರವೆಂಬ ಊರಲ್ಲಿ ಮದುವೆಯಿರಲಿ, ನಾಮಕರಣವಿರಲಿ, ಮರದ ತುದಿಗೆ ಹಾರ್ನ್ ಕಟ್ಟುತ್ತಿದ್ದವನು ಮೈಕ್‌ಸೆಟ್ ಮಾರಣ್ಣ. ಸದ್ದು ಎಷ್ಟು ದೂರ ಹೋಯಿತು ಅನ್ನುವುದೊಂದೇ ಅವನಿಗೆ ಗೊತ್ತಿದ್ದ ಸಂಗೀತ. ಹಾಡು ಯಾವುದೆಂದು ತಿಳಿಯದಿದ್ದರೂ ಚಿಂತೆಯಿಲ್ಲ, ಪಕ್ಕದೂರಿನವರ ನಿದ್ದೆ ಕೆಟ್ಟರೆ ಸಾಕು. ಇಂಥ ಮಹಾನುಭಾವ ಎಂಬತ್ತಮೂರನೇ ಇಸವಿಯಲ್ಲಿ ಮನೆಗೊಂದು ಸ್ಟೀರಿಯೋ ತಂದ. ಇನ್ನು ಕೇಳಬೇಕೆ?

ಎರಡು ಪೆಟ್ಟಿಗೆ ಸ್ಪೀಕರ್ ಅವನಿಗೆ ಎಲ್ಲಿ ಸಾಲಬೇಕು? ಬೇಸು, ಅಂದರೆ ಎದೆಗೆ ಗುದ್ದುವ ದಪ್ಪ ಸದ್ದು, ಇಲ್ಲವೆಂದು ಗೊಣಗಿ, ಹೆಂಡತಿ ಕ್ಯಾತಮ್ಮ ರಾಗಿ ತುಂಬಿಡುತ್ತಿದ್ದ ಸೊಂಟದೆತ್ತರದ ಮಣ್ಣಿನ ವಾಡೆಯನ್ನು ಬರಿದು ಮಾಡಿಸಿದ. ಅದರ ಬಾಯಿಗೆ ತಟ್ಟೆಯಗಲದ ಸ್ಪೀಕರ್ ಕೂರಿಸಿದ. ರಾಗಿ ಚೀಲಕ್ಕೆ ಬಿತ್ತು, ಇಲಿಗಳಿಗೆ ಹಬ್ಬವಾಯಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಮಾತು ಇಂಥವರನ್ನು ನೋಡಿಯೇ ಹುಟ್ಟಿರಬೇಕು.

ಸಿರಾದಿಂದ ಬಂದ ರೇಡಿಯೋ ಮೆಕ್ಯಾನಿಕ್ ತಂತಿಯ ಸುರುಳಿ ಸುತ್ತಿ, ದಪ್ಪ ಸದ್ದು ಮಾತ್ರ ವಾಡೆಗೆ ಹೋಗುವಂತೆ ಮಾಡಿಕೊಟ್ಟ.

"ಮೂಲೇಲಿ ಇಕ್ಬ್ಯಾಡ ಮಾರಣ್ಣ, ಸದ್ದು ಊದ್ಕೊಳ್ತದೆ. ಸಣ್ಣಗೆ ಇಕ್ಕು. ವಾಡೆ ಐತೆ ಅಂತ್ಲೇ ಯಾರಿಗೂ ಗೊತ್ತಾಗಬಾರ್ದು, ಎಲ್ಲಾ ಪೆಟ್ಟಿಗೆಯಿಂದ್ಲೇ ಬಂದಂಗಿರ್ಬೇಕು."

"ಗೊತ್ತಾಗ್ದಿದ್ ಮ್ಯಾಲೆ ಯಾಕ್ಲಾ ಇಕ್ಬೇಕು?" ಅಂದ ಮಾರಣ್ಣ.

ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ವಾಡೆ ಮೂಲೆಗೇ ಹೋಯಿತು. ಅದರ ಸದ್ದಿನ ತಿರುಪನ್ನು ಪೂರ್ತಿ ತಿರುಗಿಸಿ, ತಾನು ಬೀದಿಯಾಚೆ ಹೋಗಿ ನಿಂತು, ಅಲ್ಲಿಗೂ ಕೇಳುತ್ತದೆಂದು ಬೀಗಿದ. ಮನೆಯೊಳಗೆ ಕೂತವರ ಗತಿ ಏನೆಂದು ವಿಚಾರಿಸಲಿಲ್ಲ.

ಒಳಗೆ ಕೂತವಳು ಮಗಳು ಈರಕ್ಕ. ಸೋಬಾನೆಗೆ ಅವಳೇ ಆಗಬೇಕು, ಅಂಥ ಕಂಠ. ಡೊಳ್ಳಿನವನನ್ನು ಪಕ್ಕದಲ್ಲಿ ಕೂರಿಸಿ ಅವಳ ಹಾಡನ್ನು ಅಪ್ಪ ಕ್ಯಾಸೆಟ್ಟಿಗೆ ತುಂಬಿಸಿಕೊಂಡಿದ್ದ. ಕೊರಟಗೆರೆ ಕಡೆಯ ಓಬಳಪ್ಪ, ಮೇಷ್ಟ್ರಾಗಿದ್ದ ತನ್ನ ಮಗನಿಗೆ ಹೆಣ್ಣು ನೋಡಲು ಬರುತ್ತೇವೆಂದು ಹೇಳಿ ಕಳಿಸಿದ. ಹುಡುಗಿ ಚೆನ್ನಾಗಿ ಹಾಡುತ್ತಾಳಂತೆ, ಅದಕ್ಕೇ ಬರುತ್ತಿದ್ದೇವೆ ಅಂದಿದ್ದ. ಅದುವರೆಗೆ ಬಂದವರೆಲ್ಲ ಬಣ್ಣ ನೋಡಿದ್ದರು, ಅಪ್ಪನ ಹೊಲ ಎಷ್ಟೆಂದು ಕೇಳಿದ್ದರು. ಕಂಠ ಕೇಳಲು ಬರುವವರು ಇವರೇ ಮೊದಲು. ಈ ಸಂಬಂಧ ಆಗಿಬಿಡಲಿ ಎಂದು ಈರಕ್ಕ ಒಳಗೊಳಗೇ ಆಸೆಪಟ್ಟಳು.

ಅವರು ಬರುವ ಹಿಂದಿನ ದಿನ ಮಾರಣ್ಣ ಮಧುಗಿರಿಗೆ ಹೋದಾಗ, ಅವಳು ವಾಡೆಯನ್ನು ಮೂಲೆಯಿಂದ ಎಳೆದು ಪೆಟ್ಟಿಗೆಗಳ ನಡುವೆ ನಿಲ್ಲಿಸಿದಳು. ತನ್ನ ಹಾಡಿನ ಕ್ಯಾಸೆಟ್ ಹಾಕಿ, ತಿರುಪನ್ನು ಇಳಿಸುತ್ತಾ ಇಳಿಸುತ್ತಾ ಬಂದಳು. ಒಂದು ಹದದಲ್ಲಿ ಡೊಳ್ಳು ಹಿಂದೆ ಸರಿದು ದನಿ ಮುಂದೆ ಬಂತು, ಎದುರಿಗೇ ಯಾರೋ ಕೂತು ಹಾಡುತ್ತಿರುವಂತೆ. ಅವಳ ದನಿ ಅವಳಿಗೇ ಇಷ್ಟವಾಯಿತು.

ಮಾರನೆಯ ಬೆಳಿಗ್ಗೆ ಅಪ್ಪ ಅದನ್ನು ಕಂಡು ಬೈದು, ಎಲ್ಲವನ್ನೂ ಮೊದಲಿನಂತೆ ಮಾಡಿಟ್ಟ.

ಬಂದವರು ಕೂತರು. "ಒಂದ್ ಪದ ಹಾಡು ಮಗಾ" ಅಂದ ಓಬಳಪ್ಪ. ಈರಕ್ಕ ಬಾಯಿ ತೆರೆಯುವಷ್ಟರಲ್ಲಿ ಮಾರಣ್ಣ ಅಡ್ಡ ಬಂದ.

"ಬಾಯಲ್ಯಾಕೆ ಬೀಗರೇ, ಟೇಪಲ್ಲೇ ಐತೆ."

ಗುಂಡಿ ಒತ್ತಿದ. ಡೊಳ್ಳು ಮನೆ ತುಂಬಿತು, ತಟ್ಟೆಯಲ್ಲಿ ಕೋಡುಬಳೆ ಕುಣಿದವು, ಹಂಚಿನ ಮಣ್ಣು ಉದುರಿತು. ಹಾಡು ಎಲ್ಲಿ ಹೋಯಿತೋ ದೇವರೇ ಬಲ್ಲ. ಸ್ವಲ್ಪ ತಗ್ಗಿಸಿ ಅಂತ ಹುಡುಗನಾದರೂ ಹೇಳಲಿ ಎಂದು ಈರಕ್ಕ ಅವನ ಮುಖ ನೋಡಿದಳು. ಅವನು ಬಾಯಿ ಬಿಟ್ಟುಕೊಂಡು ವಾಡೆಯನ್ನು ನೋಡುತ್ತಿದ್ದ. ಮೇಷ್ಟ್ರಂತೆ ಮೇಷ್ಟ್ರು.

ಟೇಪು ನಿಂತಿತು. ಅಪ್ಪ ಮಗ ಕಿವಿಯಲ್ಲಿ ಪಿಸುಗುಟ್ಟಿಕೊಂಡರು. ಓಬಳಪ್ಪ ಗಂಟಲು ಸರಿಮಾಡಿಕೊಂಡ. "ಹುಡ್ಗಿ ಒಪ್ಗೆ. ಜೊತ್ಗೆ ಆ ವಾಡೆ ಸೆಟ್ಟೂ ಕೊಟ್ಬುಡಿ ಬೀಗರೇ, ನಮ್ ಹುಡ್ಗ ಆಸೆ ಪಟ್ಟವ್ನೆ."

ಮಾರಣ್ಣನ ಮುಖ ಕಪ್ಪಿಟ್ಟಿತು.

"ವಾಡೆ ಒಂದ್ ಬುಟ್ಟು ಇನ್ನೇನ್ ಬೇಕಾದ್ರೂ ಕೇಳಿ ಬೀಗರೇ."

ಈರಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಎದ್ದವಳೇ ವಾಡೆಯ ವೈರನ್ನು ಕಿತ್ತು ಓಬಳಪ್ಪನ ಮುಂದೆ ಎಸೆದಳು.

"ವಾಡೇನೇ ಕರ್ಕೊಂಡೋಗಿ ಯಜಮಾನ್ರೇ. ಅದನ್ನೇ ಮನೆ ತುಂಬಿಸ್ಕೊಳ್ಳಿ. ನಾನು ಬರಾಕಿಲ್ಲ."

ಕ್ಯಾತಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಬಂದವರು ಚಪ್ಪಲಿ ಹುಡುಕತೊಡಗಿದರು. ಮಾರಣ್ಣ ಮಗಳ ಕಡೆ ತಿರುಗಿಯೂ ನೋಡಲಿಲ್ಲ. ಅವನು ಮೂಲೆಯಲ್ಲಿ ಮಂಡಿಯೂರಿ, ಸ್ಪೀಕರಿಗೆ ಏನಾದರೂ ಪೆಟ್ಟಾಯಿತೇನೋ ಎಂದು ತಡವಿ ನೋಡುತ್ತಿದ್ದ.