ಹುಬ್ಬಳ್ಳಿಯ ಮೇಲೊಂದು ಹೆಚ್ಚುವರಿ ಚುಕ್ಕಿ

ತಪ್ಪು ನನ್ನದು. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಯಾಕೆಂದರೆ ಇದನ್ನು ಆಂಟಿ ಹೇಳಲು ಕೂತರೆ ನನ್ನ ಪಾಲು ಇನ್ನೂ ದೊಡ್ಡದಾಗುತ್ತದೆ. ಪೋಲೆಂಡಿನ ಒಂದು ಮನೆತನದ ಭೂಪಟದ ಮೇಲೆ, ಇರಬಾರದ ಜಾಗದಲ್ಲಿ, ಒಂದು ಕೆಂಪು ಚುಕ್ಕಿ ಇಟ್ಟವನು ನಾನು. ಅದಕ್ಕೂ ಮೊದಲು ಡಲ್ಲಾಸ್‌ನಲ್ಲಿ, ದೀಪಾವಳಿ ಊಟಕ್ಕೆ ಸೇರಿದ್ದ ಕನ್ನಡಿಗರ ಮುಂದೆ ಮೈಕ್ ಹಿಡಿದು, ಒಬ್ಬ ದೊಡ್ಡ ಮನುಷ್ಯರ ಅಡ್ಡಹೆಸರನ್ನು ಸಣ್ಣಗೆ ಹೆಚ್ಚಿ ಒಗ್ಗರಣೆ ಹಾಕಿದವನೂ ನಾನೇ.

ಆ ದೊಡ್ಡ ಮನುಷ್ಯರು ಹುಬ್ಬಳ್ಳಿಯ ಅಂಕಲ್. ಮನೆ ಹ್ಯೂಸ್ಟನ್ ಅಂಚಿನ ಮಿಸೌರಿ ಸಿಟಿಯಲ್ಲಿ, ಪ್ರಿಂಟಿಂಗ್ ಅಂಗಡಿ ಪಕ್ಕದ ಸ್ಟಾಫರ್ಡ್‌ನಲ್ಲಿ. ಮದುವೆ ಕಾರ್ಡು, ದೇವಸ್ಥಾನದ ಬ್ಯಾನರು, ಹೋಟೆಲುಗಳ ಮೆನು, ಎಲ್ಲ ಅವರ ಕೈಯಿಂದಲೇ. ಹ್ಯೂಸ್ಟನ್‌ನಲ್ಲಿ ಓದುತ್ತಿದ್ದ ಎರಡು ವರ್ಷ ಪ್ರತಿ ಭಾನುವಾರ ಅವರ ಮನೆಯ ರೊಟ್ಟಿ ತಿಂದಿದ್ದೇನೆ. ಆಮೇಲೆ ಕೆಲಸ ಸಿಕ್ಕಿ ಆಸ್ಟಿನ್‌ಗೆ ಶಿಫ್ಟ್ ಆದೆ. ರೊಟ್ಟಿಯ ಋಣವನ್ನು ನಾನು ಹೀಗೆ ತೀರಿಸಿದೆ.

ಅವರ ಅಡ್ಡಹೆಸರನ್ನು ಎಲ್ಲೂ ಬರೆಯುವುದಿಲ್ಲ ಎಂದು ಅವರ ಹೆಂಡತಿಗೆ, ಅಂದರೆ ಆಂಟಿಗೆ, ಮಾತು ಕೊಟ್ಟಿದ್ದೇನೆ. ಅರ್ಥ ಮಾತ್ರ ಹೇಳುತ್ತೇನೆ: ಈರುಳ್ಳಿ. ಹುಬ್ಬಳ್ಳಿ ಕಡೆಯವರಿಗೆ ಅರ್ಥ ಹೇಳಿದರೆ ಹೆಸರು ಹೇಳಿದ ಹಾಗೇ ಆಗುತ್ತದೆ, ಅದಕ್ಕೆ ನಾನು ಜವಾಬ್ದಾರನಲ್ಲ. ಅಂಕಲ್‌ನ ಮುತ್ತಜ್ಜ ಸಂತೆಯಲ್ಲಿ ಈರುಳ್ಳಿ ಮಾರುತ್ತಿದ್ದರಂತೆ. ಆ ಸೀಮೆಯಲ್ಲಿ ಬೆಲ್ಲ, ಎಣ್ಣೆ, ಮೆಣಸಿನಕಾಯಿ ಎಲ್ಲವೂ ಮನೆತನಗಳೇ. ಒಂದು ಓಣಿಯ ಬಾಗಿಲು ಫಲಕಗಳನ್ನು ಓದುತ್ತಾ ಹೋದರೆ ಮಧ್ಯಾಹ್ನದ ಅಡುಗೆಗೆ ಬೇಕಾದ್ದೆಲ್ಲ ಸಿಗುತ್ತದೆ.

ಹೀಗೆ ಹಾಸ್ಯ ಮಾಡುವ ನನ್ನ ಹೆಸರಿನ ಕತೆಯನ್ನೂ ಕೇಳಿ. ನಾವು ಮೈಸೂರಿನವರು, ಅಡ್ಡಹೆಸರೇ ಇಲ್ಲದವರು. ಪಾಸ್‌ಪೋರ್ಟ್ ಮಾಡಿಸುವಾಗ ಇದ್ದ ಒಂದೇ ಹೆಸರನ್ನು ಸರ್‌ನೇಮ್ ಎನ್ನುವ ಜಾಗದಲ್ಲಿ ಕೂರಿಸಿ, ಇನ್ನೊಂದು ಜಾಗವನ್ನು ಖಾಲಿ ಬಿಟ್ಟೆವು. ಅಮೆರಿಕಕ್ಕೆ ಖಾಲಿ ಜಾಗ ಕಂಡರೆ ಆಗುವುದಿಲ್ಲ. ಅಲ್ಲಿ ಎಫ್‌ಎನ್‌ಯು ಎಂದು ತುಂಬಿಸಿದರು, ಅಂದರೆ ‘ಮೊದಲ ಹೆಸರು ತಿಳಿದಿಲ್ಲ’. ನನ್ನ ಟೆಕ್ಸಸ್ ಲೈಸೆನ್ಸ್ ಮೇಲೂ ಅದೇ. ದಂತವೈದ್ಯರ ನರ್ಸ್ ಬಾಗಿಲಿಗೆ ಬಂದು “ಫ್ನೂ?” ಎಂದು ಕೂಗಿದರೆ ನಾನು ಎದ್ದು ಒಳಗೆ ಹೋಗುತ್ತೇನೆ. ಇಂಥವನು ಇನ್ನೊಬ್ಬರ ಹೆಸರನ್ನು ಆಡಿಕೊಳ್ಳಲು ಹೋದದ್ದು.

ಡಲ್ಲಾಸ್‌ನಲ್ಲಿ ಆದದ್ದು ಇಷ್ಟು. ಅಂಕಲ್ ಸಿಟಿಜನ್‌ಶಿಪ್‌ಗೆ ಅರ್ಜಿ ಹಾಕುವ ತಯಾರಿಯಲ್ಲಿದ್ದರು. ಅದು ನನ್ನ ಕಿವಿಗೆ ಬಿದ್ದಿತ್ತು. ನನಗೆ ಮಿಮಿಕ್ರಿ ಬರುತ್ತದೆ, ಬರಬಾರದ ಕಡೆಯೂ ಬರುತ್ತದೆ. ಸ್ಟೇಜ್ ಮೇಲೆ ಪ್ರಮಾಣವಚನ ಬೋಧಿಸುವ ಟೆಕ್ಸಸ್ ಜಡ್ಜ್ ಆದೆ. ಮೂಗಿನಲ್ಲಿ ಎಳೆದೆಳೆದು, ಮಿಸ್ಟರ್ ಆನಿಯನ್, ಬಲಗೈ ಎತ್ತಿ, ನಮ್ಮನ್ನು ಅಳಿಸುವುದಿಲ್ಲ ಎಂದು ಪ್ರಮಾಣ ಮಾಡಿ ಎಂದೆ. ಆಮೇಲೆ ಅಂಕಲ್ ಆದೆ: ಎಡಗೈಯಿಂದ ಮೀಸೆ ಒರೆಸಿಕೊಂಡು, “ಪ್ರಾಮಿಸ್ ಮಾಡ್ತೇನ್ರಿ ಸರ್, ಆದ್ರ ಹೆಚ್ಚಬ್ಯಾಡ್ರಿ.” ಊಟದ ಹಾಲ್ ಬಿದ್ದು ಬಿದ್ದು ನಕ್ಕಿತು. ಮೊದಲ ಸಾಲಿನಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಅಂಕಲ್‌ ಅವರೇ. ನಾನು ಆ ಚಪ್ಪಾಳೆಯನ್ನು ನಂಬಿಬಿಟ್ಟೆ.

ಎರಡು ವಾರ ಕಳೆದ ಮೇಲೆ ಆಂಟಿಯ ಫೋನ್ ಬಂತು. ಡಲ್ಲಾಸ್‌ನಿಂದ ಮನೆಗೆ ನಾಲ್ಕು ಗಂಟೆ ಡ್ರೈವ್ ಮಾಡುವಾಗ ಅಂಕಲ್ ಒಂದು ಮಾತೂ ಆಡಲಿಲ್ಲವಂತೆ. ಆ ಅರ್ಜಿಯಲ್ಲಿ, ಬೇಕಾದವರು ಹೆಸರನ್ನೂ ಬದಲಿಸಿಕೊಳ್ಳಬಹುದು ಎಂದು ಒಂದು ಪ್ರಶ್ನೆ ಇರುತ್ತದೆ. ಅಂಕಲ್ ಅದಕ್ಕೆ ಹೌದು ಎಂದು ಗುರುತು ಹಾಕಿ, ಹುಬ್ಬಳ್ಳಿ ಹತ್ತಿರದ ತಮ್ಮ ಮೂಲ ಹಳ್ಳಿಯ ಹೆಸರಿಗೆ ಒಂದು ‘ಕರ್’ ಅಂಟಿಸಿ, ಘನವಾದ ಹೊಸ ಅಡ್ಡಹೆಸರು ಬರೆದು ಕಳಿಸಿಬಿಟ್ಟಿದ್ದರು. ಆಂಟಿಗೆ ಗೊತ್ತಾದದ್ದು ಲಕೋಟೆ ಹೋದಮೇಲೆ.

“ನೋಡಪಾ ತಮ್ಮಾ, ಲಗ್ನದಾಗ ನಮ್ಮಪ್ಪನ ಮನಿ ಹೆಸರು ಬಿಟ್ಟು ಈ ಹೆಸರು ಇಟಗೊಂಡೀನಿ. ಇಪ್ಪತ್ತೆರಡು ವರ್ಷ ಆತು. ಮೊದಲ ಒಂದ್ ವರ್ಷ ನನಗೂ ನಾಚಿಕಿ ಆಗ್ತಿತ್ತು, ಆಮ್ಯಾಲೆ ರೂಢಿ ಆತು, ಈಗ ಅದು ನಂದ ಆಗೇತಿ. ಇವರು ನನ್ನ ಒಂದ ಮಾತು ಕೇಳದ ಬಿಟ್ಟ ಹೊಂಟಾರ. ಅವರೇನೋ ದೊಡ್ಡ ಹೆಸರಿನಾವರು ಆಗ್ತಾರ, ನಾ ಯಾರಾಕಿ ಆಗ್ಲಿ? ನೀ ಕೆಡಿಸೀದಿ, ನೀನ ಸರಿ ಮಾಡು.”

ಸಂದರ್ಶನಕ್ಕೆ ಕರೆದಾಗ ಅಧಿಕಾರಿ ಈ ಬದಲಾವಣೆ ಇನ್ನೂ ಬೇಕೇ ಎಂದು ಕೇಳುತ್ತಾರೆ, ಬೇಡ ಎಂದರೆ ಹಳೆಯ ಹೆಸರೇ ಉಳಿಯುತ್ತದೆ. ಅಂದರೆ ನನಗೆ ಇದ್ದದ್ದು ಅಷ್ಟರವರೆಗಿನ ಸಮಯ. ಶನಿವಾರ ಬಂದರೆ ಆಸ್ಟಿನ್‌ನಿಂದ ಸ್ಟಾಫರ್ಡ್‌ಗೆ ಓಡತೊಡಗಿದೆ. ಹೆಸರಿಗೆ ಅಂಗಡಿಯ ಕಂಪ್ಯೂಟರಿನಲ್ಲಿ ಡಿಸೈನ್ ಮಾಡಿಕೊಡುವ ಸಹಾಯ, ಒಳಗೆ ಪ್ರಾಯಶ್ಚಿತ್ತ. ವಿಷಯ ಎತ್ತಿದರೆ ಅಂಕಲ್ ಮೆಷಿನ್ ಶುರು ಮಾಡುತ್ತಿದ್ದರು. ಆ ಸದ್ದಿನಲ್ಲಿ ಕ್ಷಮೆ ಕೇಳುವುದು ಹೇಗೆ? ಕೂಗಿ ಕ್ಷಮೆ ಕೇಳಿದರೆ ಜಗಳದ ಹಾಗೆ ಕೇಳಿಸುತ್ತದೆ.

ವಸಂತದ ಒಂದು ಶನಿವಾರ ಅಂಗಡಿಗೆ ಒಬ್ಬ ಅಜ್ಜಿ ಬಂದರು. ನಿವೃತ್ತ ಶಾಲಾ ಟೀಚರ್, ಎತ್ತರದ ಮೈಕಟ್ಟು, ಕಾಲಿಗೆ ಬೂಟು, ಕಂಕುಳಲ್ಲಿ ಸುರುಳಿ ಸುತ್ತಿದ ಕಾಗದ. ಹ್ಯೂಸ್ಟನ್‌ನಿಂದ ಒಂದೂವರೆ ಗಂಟೆ ದೂರದ ಹಳ್ಳಿಯೊಂದರಲ್ಲಿ ಅವರ ಮನೆತನದವರೆಲ್ಲ ಬೇಸಿಗೆಯಲ್ಲಿ ಸೇರುತ್ತಾರೆ, ಅದಕ್ಕೆ ಬ್ಯಾನರ್ ಬೇಕು ಎಂದರು. ಸುರುಳಿ ಬಿಚ್ಚಿದರೆ ಪ್ರಪಂಚದ ಭೂಪಟ, ಅದರ ತುಂಬ ಪೆನ್ಸಿಲ್ ಚುಕ್ಕಿ. ಅವರ ಅಡ್ಡಹೆಸರಿನವರು ಎಲ್ಲೆಲ್ಲಿ ಇದ್ದಾರೆ ಎಂಬುದರ ಲೆಕ್ಕ. ನಲವತ್ತು ವರ್ಷ ಪತ್ರ ಬರೆದು, ಟೆಲಿಫೋನ್ ಪುಸ್ತಕ ತಿರುವಿ, ಗೋರಿಕಲ್ಲುಗಳನ್ನು ಓದಿ ಕೂಡಿಸಿದ್ದು. ಒಂದೊಂದು ಚುಕ್ಕಿಗೂ ಮನೆಯಲ್ಲಿ ಒಂದೊಂದು ಕಾಗದದ ಸಾಕ್ಷಿ ಇದೆ ಎಂದರು. ಶಾಲೆಯಲ್ಲಿ ನನಗೆ ಇಂಥ ಟೀಚರ್ ಸಿಕ್ಕಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಚುಕ್ಕಿಗಳು ಪೋಲೆಂಡಿನ ದಕ್ಷಿಣದಲ್ಲಿ ಇರುವೆಗಳಂತೆ ಮುತ್ತಿದ್ದವು. ಅಲ್ಲಿಂದ ಒಂದು ಸಾಲು ಜರ್ಮನಿಯ ಕಲ್ಲಿದ್ದಲ ಗಣಿಗಳಿಗೆ, ಒಂದು ಸಾಲು ಷಿಕಾಗೋ, ಡೆಟ್ರಾಯಿಟ್‌ಗೆ, ನಾಲ್ಕೈದು ದಾರಿ ತಪ್ಪಿದ ಹಾಗೆ ಬ್ರೆಜಿಲ್‌ಗೆ. ಉಳಿದವು ಟೆಕ್ಸಸ್‌ಗೆ. ಅಜ್ಜಿಯ ಪೂರ್ವಜರು ಗ್ಯಾಲ್ವಸ್ಟನ್ ಬಂದರಿನಲ್ಲಿ ಹಡಗು ಇಳಿದು, ಗಾಡಿಯ ಹಿಂದೆ ನಡೆದು, ಹತ್ತಿಯ ಹೊಲ ಸೇರಿದವರು.

ಹೆಸರಿನ ಅರ್ಥವೇನು ಎಂದು ನಾನು ಕೇಳಿದೆ. ಅಜ್ಜಿ ಕೌಂಟರ್ ಮೇಲೆ ಕೈಯೂರಿ, ಯಾವ ಸಂಕೋಚವೂ ಇಲ್ಲದೆ, ಈರುಳ್ಳಿ ಎಂದರು.

ನಾನು ಅಂಕಲ್‌ನ ಕಡೆ ತಿರುಗಿದೆ. ಅಂಕಲ್ ನನ್ನನ್ನೇ ನೋಡುತ್ತಿದ್ದರು. ಬಾಯಿ ಬಿಟ್ಟರೆ ನೋಡು ಎನ್ನುವ ನೋಟ. 

ಅಜ್ಜಿಗೆ ಇದು ಗೊತ್ತಿಲ್ಲ, ಪಾಠ ಮುಂದುವರಿಸಿದರು. ಪೋಲೆಂಡಿನಲ್ಲಿ ‘ಸ್ಕಿ’ ಎಂದು ಮುಗಿಯುವ ಹೆಸರಿಗೆ ಗತ್ತು ಜಾಸ್ತಿ. ಊರಿಗೋ ಜಮೀನಿಗೋ ಬಾಲ ಅಂಟಿಸಿ ಮಾಡಿಕೊಂಡವು ಬೇಕಾದಷ್ಟಿವೆ. ತಮ್ಮದು ಹೊಲದಲ್ಲಿ ಬೆಳೆದ ಹೆಸರು. ಮೂಲಪುರುಷ ಈರುಳ್ಳಿ ಬೆಳೆಯುತ್ತಿದ್ದನೋ, ಮಾರುತ್ತಿದ್ದನೋ, ಅವನ ತಲೆಯೇ ಆ ಆಕಾರಕ್ಕಿತ್ತೋ, ಕಾಗದ ಸಿಕ್ಕಿಲ್ಲವಾದ್ದರಿಂದ ಹೇಳುವುದಿಲ್ಲ ಎಂದರು. ಊರಿಗೆ ಬಾಲ ಅಂಟಿಸುವ ಮಾತು ಬಂದಾಗ ಅಂಕಲ್ ಒಳಗೆ ಹೋಗಿ ಮೆಷಿನ್ ಶುರು ಮಾಡಿದರು. ಪ್ರಿಂಟ್ ಮಾಡಲು ಏನೂ ಇರಲಿಲ್ಲ.

ಭೂಪಟವನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ನನ್ನದಾಯಿತು. ಪೆನ್ಸಿಲ್ ಚುಕ್ಕಿಗಳನ್ನೆಲ್ಲ ಕೆಂಪು ಚುಕ್ಕಿ ಮಾಡುತ್ತಾ ಹೋದೆ. ಭಾರತ ಬರಿದಾಗಿ ಕಾಣಿಸಿತು. ನನ್ನ ಕೈ ಎಂದೂ ನನ್ನ ಮಾತು ಕೇಳಿದ್ದಿಲ್ಲ. ಗೋವಾದಿಂದ ಸ್ವಲ್ಪ ಬಲಕ್ಕೆ, ಅಂದಾಜು ಹುಬ್ಬಳ್ಳಿಯ ಮೇಲೆ, ಒಂದು ಚುಕ್ಕಿ ಇಟ್ಟೆ. ಅಂಕಲ್ ಪ್ರೂಫ್ ನೋಡುವಾಗ ಕಣ್ಣಿಗೆ ಬೀಳುತ್ತದೆ, ನಗುತ್ತಾರೆ, ಮೌನ ಮುರಿಯುತ್ತದೆ, ಆಮೇಲೆ ಅಳಿಸಿದರಾಯಿತು. ಇದು ನನ್ನ ಯೋಜನೆ.

ಅಂಕಲ್ ಪ್ರೂಫ್ ನೋಡಿದರು. ಇಪ್ಪತ್ತು ವರ್ಷದ ಅಭ್ಯಾಸ: ಅಕ್ಷರಗಳನ್ನು ಒಂದೊಂದಾಗಿ ಬೆರಳಿಟ್ಟು ಓದಿದರು, ಚಿತ್ರವನ್ನು ನೋಡಲೇ ಇಲ್ಲ. ಆ ವಾರ ನನಗೆ ಆಸ್ಟಿನ್‌ನಲ್ಲಿ ಆಫೀಸಿನ ಕೆಲಸ ಮೈಮೇಲೆ ಬಿತ್ತು. ಚುಕ್ಕಿಯನ್ನು ಮರೆತೇಬಿಟ್ಟೆ. ನೆನಪಾದದ್ದು ಜುಲೈನಲ್ಲಿ, ಆ ಹಳ್ಳಿಯ ಚರ್ಚಿನ ಹಾಲಿನಲ್ಲಿ, ಏಣಿಯ ಮೇಲೆ ನಿಂತು ಹನ್ನೆರಡು ಅಡಿ ಬ್ಯಾನರಿನ ಒಂದು ತುದಿ ಕಟ್ಟುವಾಗ. ಚುಕ್ಕಿ ನನ್ನ ಮೂಗಿನ ನೇರಕ್ಕಿತ್ತು. ಕಡಲೆಯಷ್ಟು ಇದ್ದದ್ದು ಈಗ ಕಿತ್ತಳೆಯಷ್ಟಾಗಿತ್ತು.

ಬ್ಯಾನರ್ ತಲುಪಿಸಲು ವ್ಯಾನಿನಲ್ಲಿ ಅಂಕಲ್, ಆಂಟಿ, ನಾನು ಮೂವರೂ ಹೋಗಿದ್ದೆವು. ಅಜ್ಜಿ ಊಟ ಮಾಡಿಕೊಂಡೇ ಹೋಗಬೇಕೆಂದು ಹಟ ಹಿಡಿದಿದ್ದರು. ಹಾಲಿನ ತುಂಬ ಈರುಳ್ಳಿ ಚಿತ್ರದ ಟೀ ಶರ್ಟ್ ತೊಟ್ಟ ಜನ. ಎಲ್ಲರ ಎದೆಯ ಮೇಲೂ ಹೆಸರಿನ ಚೀಟಿ. ಬ್ಯಾನರ್ ಏರಿದ ಕೂಡಲೇ ಅವರವರ ಚುಕ್ಕಿ ಹುಡುಕಲು ಮುಗಿಬಿದ್ದರು. ಒಬ್ಬ ಮುದುಕಪ್ಪನಿಗೆ ಭಾರತದ ಚುಕ್ಕಿ ಕಂಡಿತು. ನಮ್ಮವರಲ್ಲಿ ಯಾರೋ ಪಾದ್ರಿಯಾಗಿ ಹೋಗಿರಬೇಕು ಎಂದ. ಐದು ನಿಮಿಷದಲ್ಲಿ ಆ ಪಾದ್ರಿ ಅಲ್ಲಿ ಶಾಲೆ ಕಟ್ಟಿಸಿ, ಮಲೇರಿಯಾ ಬಂದು ತೀರಿಕೊಂಡೂ ಆಗಿತ್ತು. ಇಬ್ಬರು ಹೆಂಗಸರು ಅವನಿಗಾಗಿ ಶಿಲುಬೆಯ ಗುರುತು ಮಾಡಿಕೊಂಡರು.

ಅಜ್ಜಿ ಬಂದರು. ಚುಕ್ಕಿಯನ್ನು ನೋಡಿದರು. ಇದಕ್ಕೆ ನನ್ನಲ್ಲಿ ಕಾಗದ ಇಲ್ಲ, ಇಟ್ಟವರು ಯಾರು ಎಂದು ಕೇಳಿದರು.

ಅಂಕಲ್‌ನ ಮುಖ ಬಿಳಿಚಿಕೊಂಡಿತು. ಅಂಗಡಿಯಿಂದ ಹೋದ ತಪ್ಪು, ತಾವೇ ನೋಡಿ ಪಾಸ್ ಮಾಡಿದ್ದು. ನನ್ನ ಹತ್ತಿರ ಜಡ್ಜ್ ದನಿ ಇತ್ತು, ನರ್ಸ್ ದನಿ ಇತ್ತು, ಈ ಅಜ್ಜಿಯ ದನಿಯನ್ನೂ ಬರುವಾಗ ವ್ಯಾನಿನಲ್ಲಿ ಮಾಡಿ ತೋರಿಸಿದ್ದೆ. ಆ ಹೊತ್ತಿಗೆ ನನ್ನದೇ ಸಪ್ಪೆ ದನಿಯಲ್ಲಿ ನಾನೇ ಎಂದೆ. ಈ ಅಂಕಲ್‌ನ ಅಡ್ಡಹೆಸರಿನ ಅರ್ಥವೂ ಅದೇ, ಅವರ ಊರು ಅದು ಎಂದೂ ಹೇಳಿದೆ. ಅಲ್ಲಿಗೆ ಆ ಪಾದ್ರಿ ಎರಡನೆಯ ಸಲ ತೀರಿಕೊಂಡ.

ಅಜ್ಜಿ ಅಂಕಲ್‌ನ ಕಡೆ ತಿರುಗಿ, ನಿಜವೇ ಎಂದರು. ಅಂಕಲ್ ನಿಜ ಎಂದರು, ಆಮೇಲೆ ಸದ್ಯಕ್ಕೆ ಎಂದು ಸೇರಿಸಿದರು. ಸದ್ಯಕ್ಕೆ ಅಂದರೇನು ಎಂದು ಕೇಳದೆ ಟೀಚರ್ ಬಿಡುತ್ತಾರೆಯೇ? ಅಂಕಲ್ ಕೊನೆಗೆ ಎಲ್ಲವನ್ನೂ ಹೇಳಿದರು. ಜನ ನಗುತ್ತಾರೆ, ಅದಕ್ಕೇ ಬಿಡುತ್ತಿದ್ದೇನೆ ಎಂದರು. ಯಾವ ಜನ ಎಂದು ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ನನಗೆ ಅಷ್ಟು ಸಾಕಾಯಿತು.

ಅಜ್ಜಿ ಉಪದೇಶ ಮಾಡಲಿಲ್ಲ. ಅವರನ್ನು ಕರೆದುಕೊಂಡು ಹೋಗಿ ಮೂಲೆಯ ಮೇಜಿನಲ್ಲಿ ಕೂರಿಸಿದರು. ಅಲ್ಲಿದ್ದವರು ಅಜ್ಜಿಯದೇ ಮನೆತನದ ಡಲ್ಲಾಸ್ ಶಾಖೆ. ಇವರ ತಾತ ಡಲ್ಲಾಸ್‌ನಲ್ಲಿ ಕೆಲಸಕ್ಕೆ ಸೇರುವಾಗ, ನಗುವವರಿಗೆ ಅಂಜಿ, ಹೆಸರನ್ನು ಒಂದು ಸಾದಾ ಇಂಗ್ಲಿಷ್ ಹೆಸರಿಗೆ ಬದಲಿಸಿದ್ದ. ಹಾಲಿನಲ್ಲಿ ಎಲ್ಲರ ಚೀಟಿಯ ಮೇಲೆ ಹೆಸರು ಅಚ್ಚಾಗಿ ಬಂದಿತ್ತು. ಇವರ ಚೀಟಿಯಲ್ಲಿ ಮಾತ್ರ ಅಚ್ಚಾದ ಹೊಸ ಹೆಸರಿನ ಕೆಳಗೆ ಹಳೆಯದನ್ನು ಪೆನ್ನಿನಿಂದ ಬರೆದುಕೊಂಡಿದ್ದರು, ಒಬ್ಬೊಬ್ಬರು ಒಂದೊಂದು ಸ್ಪೆಲ್ಲಿಂಗಿನಲ್ಲಿ. ಅವರಲ್ಲಿ ಒಬ್ಬ ದಪ್ಪ ಗಡ್ಡದವನು, ಪ್ರತಿ ವರ್ಷ ಬಾಗಿಲಲ್ಲಿ ಯಾರಾದರೂ ನೀವು ಯಾರ ಕಡೆಯವರು ಎಂದು ಕೇಳುತ್ತಾರೆ, ಪ್ರತಿ ವರ್ಷವೂ ತಾತನಿಂದ ಕತೆ ಶುರು ಮಾಡಬೇಕು ಎಂದ. ಅಂಕಲ್ ಆ ಚೀಟಿಗಳನ್ನು ಪ್ರೂಫ್ ಓದುವ ಹಾಗೆ ಒಂದೊಂದಾಗಿ ಓದಿದರು.

ಅಜ್ಜಿ ಮೂರು ಖಾಲಿ ಚೀಟಿ, ಒಂದು ಮಾರ್ಕರ್ ತಂದರು. ಮೊದಲು ಆಂಟಿ ಕಸಿದುಕೊಂಡು ತಮ್ಮ ಪೂರ್ತಿ ಹೆಸರು ಬರೆದು, ಅಡ್ಡಹೆಸರಿನ ಕೆಳಗೆ ಗೆರೆ ಎಳೆದು, ಸೆರಗಿನ ಮೇಲೆ ಅಂಟಿಸಿಕೊಂಡರು. ಅಂಕಲ್ ಬಹಳ ಹೊತ್ತು ಮಾರ್ಕರ್ ಹಿಡಿದು ಕೂತಿದ್ದು, ಕೊನೆಗೆ ಬರೆದರು. ಹಳೆಯದನ್ನೇ. ನಾನು ನನ್ನ ಲೈಸೆನ್ಸಿನಲ್ಲಿರುವಂತೆ ಎಫ್‌ಎನ್‌ಯು ಎಂದು ಬರೆದೆ. ಅಜ್ಜಿ ಕನ್ನಡಕ ಏರಿಸಿ ಓದಿ, ಇದು ಯಾವ ತರಕಾರಿ ಎಂದು ಕೇಳಿದರು. ಡಲ್ಲಾಸ್‌ನಲ್ಲಿ ನಾನು ಗಿಟ್ಟಿಸಿದ್ದಕ್ಕಿಂತ ದೊಡ್ಡ ನಗು ಆ ಹಾಲಿನಲ್ಲಿ ಎದ್ದಿತು. ಅಂಕಲ್ ನಕ್ಕದ್ದೂ ಕೇಳಿಸಿತು, ಚಪ್ಪಾಳೆ ಇಲ್ಲದ ನಗು.

ಊಟಕ್ಕೆ ಆಲೂಗಡ್ಡೆ ತುಂಬಿದ ಕಡುಬು, ಮೇಲೆ ಹುರಿದ ಈರುಳ್ಳಿ. ಆಂಟಿ ಮೂರು ಸಲ ಹಾಕಿಸಿಕೊಂಡು, ಖಾರ ಒಂದು ಕಡಿಮೆಯಾಯಿತು ಎಂದು ತೀರ್ಪು ಕೊಟ್ಟರು. ಚುಕ್ಕಿಯ ಮೇಲೆ ಬಿಳಿ ಟೇಪ್ ಅಂಟಿಸುತ್ತೇನೆ ಎಂದು ನಾನು ಏಣಿ ಹತ್ತಲು ಹೋದರೆ ಅಜ್ಜಿ ತಡೆದರು. ಸಾಕ್ಷಿಗೆ ಅಂಕಲ್‌ನ ವಿಸಿಟಿಂಗ್ ಕಾರ್ಡ್ ಕೇಳಿ ಪಡೆದು, ತಮ್ಮ ಸಾಕ್ಷಿ ಕಾಗದಗಳ ಪೆಟ್ಟಿಗೆಗೆಂದು ಎತ್ತಿಟ್ಟುಕೊಂಡರು.

ವಾಪಸು ಬರುವಾಗ ವ್ಯಾನಿನಲ್ಲಿ ಯಾರೂ ಅರ್ಜಿಯ ಮಾತು ಎತ್ತಲಿಲ್ಲ. ನಾನು ಕೂಡ. ಅಂಕಲ್ ಅಂಗಿಯ ಮೇಲಿನ ಚೀಟಿಯನ್ನು ಮನೆ ಮುಟ್ಟುವವರೆಗೂ ತೆಗೆಯಲಿಲ್ಲ, ಆದರೆ ಮರೆತಿದ್ದರೋ ಏನೋ, ಅವರ ಮುಖ ನೋಡಿ ಏನೂ ಹೇಳುವಂತಿರಲಿಲ್ಲ. ಆಂಟಿಗೂ ತಿಳಿಯಲಿಲ್ಲ.

ಅಕ್ಟೋಬರಿನಲ್ಲಿ ಹ್ಯೂಸ್ಟನ್‌ನ ಕಚೇರಿಯಿಂದ ಸಂದರ್ಶನಕ್ಕೆ ಕರೆ ಬಂತು. ಆ ದಿನ ನಾನು ಆಸ್ಟಿನ್‌ನ ಆಫೀಸಿನಲ್ಲಿ ಮೀಟಿಂಗಿನ ಮಧ್ಯೆ ಮೂರು ಸಲ ಎದ್ದು ಹೊರಗೆ ಹೋಗಿ ಫೋನ್ ನೋಡಿದೆ. ಮಧ್ಯಾಹ್ನ ಆಂಟಿಯೇ ಮಾಡಿದರು. ಅಧಿಕಾರಿ ಅರ್ಜಿಯ ಹಾಳೆ ತಿರುವಿ, ಅಡ್ಡಹೆಸರು ಬದಲಿಸಬೇಕೆಂದು ಬರೆದಿದ್ದೀರಿ, ಈಗಲೂ ಬೇಕೇ ಎಂದು ಕೇಳಿದರಂತೆ. ಅಂಕಲ್ ಇಂಗ್ಲಿಷಿನಲ್ಲಿ ಕೊಟ್ಟ ಉತ್ತರವನ್ನು ಆಂಟಿ ಹುಬ್ಬಳ್ಳಿ ಕನ್ನಡಕ್ಕೆ ತಿರುಗಿಸಿ, ಅಂಕಲ್‌ನದೇ ದನಿಯಲ್ಲಿ, ನನಗಿಂತ ಚೆನ್ನಾಗಿ ಒಪ್ಪಿಸಿದರು:

“ಬ್ಯಾಡ್ರಿ ಸರ್. ಟೆಕ್ಸಸ್‌ನಾಗಿರೋ ನಮ್ಮ ಬಳಗದಾವರು ಒಪ್ಪಲಿಲ್ಲ.”